ಹೆಸರಿಡೋಕೆ ನೀವ್ಯಾರು?

1981ರಲ್ಲಿ ಇಂಗ್ಲೆಂಡಿನ ಶಾಲಾ ಮಕ್ಕಳಿಗೆ ಹೊಸದೊಂದು ಬೈಗುಳ ಸಿಕ್ಕಿತು. ಅದು ಅರವತ್ತು ದಾಟಿದ ಒಬ್ಬರ ಹೆಸರು. ಜೋಯಿ. ಆಟದ ಬಯಲಿನಲ್ಲಿ ಯಾವನಾದರೂ ಚೆಂಡು ಕೈಬಿಟ್ಟರೆ ಅವನು ಜೋಯಿ. ಲೆಕ್ಕ ತಪ್ಪಿದವನು ಜೋಯಿ. ಹಾಗೆ ಕರೆದು ಸುಮ್ಮನಾಗುವಂತಿರಲಿಲ್ಲ; ನಾಲಿಗೆಯನ್ನು ಕೆಳತುಟಿಯ ಹಿಂದೆ ತುರುಕಿ, ಮಣಿಕಟ್ಟು ಸೊಟ್ಟ ಮಾಡಿ, ಗಂಟಲಿನಿಂದ ಸದ್ದು ಹೊರಡಿಸಿ ಅಣಕಿಸಬೇಕು. ಉಳಿದವರು ಬಿದ್ದು ಬಿದ್ದು ನಗಬೇಕು.

ಆ ಜೋಯಿ ಡೀಕನ್ ಹುಟ್ಟಿದ್ದು 1920ರಲ್ಲಿ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ, ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಕೇಟರ್‌ಹ್ಯಾಮ್ ಎಂಬ ಊರಿನ ಸೇಂಟ್ ಲಾರೆನ್ಸ್ ಆಸ್ಪತ್ರೆಗೆ ತಂದು ಬಿಟ್ಟರು. ಬುದ್ಧಿ ಸಾಲದವರನ್ನು ಇಡುವ ಜಾಗ ಅದು. ಬುದ್ಧಿ ಸಾಲದೆ ಇದ್ದದ್ದು ಯಾರಿಗೆ ಎಂದು ಮುಂದೆ ಹೇಳುತ್ತೇನೆ. 1981 ವಿಶ್ವಸಂಸ್ಥೆ ಸಾರಿದ ಅಂತರರಾಷ್ಟ್ರೀಯ ಅಂಗವಿಕಲರ ವರ್ಷ. ಬಿಬಿಸಿಯವರು ಮಕ್ಕಳಿಗೆ ಕರುಣೆ ಕಲಿಸಬೇಕೆಂದು ‘ಬ್ಲೂ ಪೀಟರ್’ ಎಂಬ ತಮ್ಮ ಜನಪ್ರಿಯ ಮಕ್ಕಳ ಕಾರ್ಯಕ್ರಮದಲ್ಲಿ ಡೀಕನ್ ಅವರನ್ನು ತೋರಿಸಿದರು. ಮಕ್ಕಳು ನೋಡಿದರು. ಶಾಲೆಗೆ ಹೋಗಿ ಅಣಕಿಸಿದರು. ಅದೇ ವರ್ಷದ ಕೊನೆಯಲ್ಲಿ ಡೀಕನ್ ತೀರಿಕೊಂಡರು. ಬೈಗುಳ ಮಾತ್ರ ಇನ್ನೂ ಹತ್ತಾರು ವರ್ಷ ಬಾಳಿತು.

ಆ ಮಕ್ಕಳಿಗೆ ತೋರಿಸಬೇಕಾಗಿದ್ದದ್ದು ಡೀಕನ್ನರ ನಾಲಿಗೆಯಲ್ಲ, ಡೀಕನ್ನರ ಪುಸ್ತಕ. 1974ರಲ್ಲಿ ಅವರ ಆತ್ಮಕಥೆ ‘ಟಂಗ್ ಟೈಡ್’ ಅಚ್ಚಾಗಿತ್ತು. ಅದನ್ನು ಬರೆದ ರೀತಿ ಕೇಳಿ. ಡೀಕನ್ ಒಂದು ವಾಕ್ಯ ಹೇಳುತ್ತಾರೆ. ಅದು ಅರ್ಥವಾಗುವುದು ಆಸ್ಪತ್ರೆಯಲ್ಲಿ ಒಬ್ಬರಿಗೇ, ಗೆಳೆಯ ಎರ್ನಿ ರಾಬರ್ಟ್ಸ್‌ಗೆ. ಎರ್ನಿ ಅದನ್ನು ತಿರುಗಿ ಜೋರಾಗಿ ಹೇಳುತ್ತಾರೆ. ಮೈಕೆಲ್ ಸ್ಯಾಂಗ್‌ಸ್ಟರ್ ಎಂಬ ಮೂರನೆಯವರು ಅದನ್ನು ಕೈಯಲ್ಲಿ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಡೀಕನ್ನರಿಗೆ ಓದಿ ಹೇಳಬೇಕು, ಅವರು ಹೂಂ ಅನ್ನಬೇಕು. ಆಮೇಲೆ ನಾಲ್ಕನೆಯವರಾದ ಟಾಮ್ ಬ್ಲ್ಯಾಕ್‌ಬರ್ನ್ ಟೈಪ್ ಮಾಡುತ್ತಾರೆ. ಟಾಮ್‌ಗೆ ಓದಲು ಬರೆಯಲು ಬರುತ್ತಿರಲಿಲ್ಲ. ಮೈಕೆಲ್ ಒಂದೊಂದೇ ಅಕ್ಷರ ಹೇಳಬೇಕು, ಟಾಮ್ ಆ ಅಕ್ಷರದ ಕೀಲಿ ಹುಡುಕಿ ಒತ್ತಬೇಕು. ಹೀಗೆ ನಾಲ್ಕು ಮಂದಿ ಸೇರಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಂದು ಜೀವನವನ್ನು ಪುಸ್ತಕ ಮಾಡಿದರು. ನಾಲ್ವರೂ ಸರ್ಕಾರದ ಕಡತದಲ್ಲಿ ‘ಸಬ್‌ನಾರ್ಮಲ್’. ಕರುಣೆಯ ಕಾರ್ಯಕ್ರಮ ನೋಡಿ ಮರುದಿನ ಬಾಯಿ ಸೊಟ್ಟ ಮಾಡಿ ಕುಣಿದವರು ನಾರ್ಮಲ್. ಬುದ್ಧಿ ಯಾರಿಗೆ ಸಾಲದು?

ಜೋಯಿ ಎಂಬ ಬೈಗುಳಕ್ಕೆ ಅಲ್ಲಿ ಒಬ್ಬ ದೊಡ್ಡಣ್ಣ ಮೊದಲೇ ಇದ್ದ. ಸ್ಪಾಸ್ಟಿಕ್.

ಮೂಲದಲ್ಲಿ ಅದು ಡಾಕ್ಟರ ಮಾತು. ಗ್ರೀಕರು ಎಳೆತಕ್ಕೆ, ಸೆಳೆತಕ್ಕೆ ಹೇಳುತ್ತಿದ್ದ ಪದ ಲ್ಯಾಟಿನ್ ಹಾದು ಇಂಗ್ಲಿಷಿಗೆ ಬಂತು. ಲಕ್ವ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಜೋಲುಬಿದ್ದ ಕೈ. ಪೋಲಿಯೋ ತಗುಲಿದ ಕಾಲು ಹಾಗೆಯೇ, ಸಡಿಲ. ಆದರೆ ಮೆದುಳಿಗೋ ಅಲ್ಲಿಂದ ಬೆನ್ನುಹುರಿಗೆ ಇಳಿಯುವ ನರದ ದಾರಿಗೋ ಪೆಟ್ಟಾದರೆ ಆಗುವುದೇ ಬೇರೆ. ಸ್ನಾಯುವಿಗೆ ‘ಸಾಕು, ಬಿಡು’ ಎಂದು ಮೇಲಿನಿಂದ ಬರಬೇಕಾದ ಅಪ್ಪಣೆ ಬರುವುದಿಲ್ಲ. ಸ್ನಾಯು ಬಿಗಿದುಕೊಂಡೇ ಇರುತ್ತದೆ. ಮೆಲ್ಲಗೆ ಬಿಡಿಸಿದರೆ ಬಿಡುತ್ತದೆ, ರಭಸದಿಂದ ಎಳೆದರೆ ಅಷ್ಟೇ ರಭಸದಿಂದ ಹಿಡಿದುಕೊಳ್ಳುತ್ತದೆ. ತೊಡೆಗಳು ಕತ್ತರಿ ಹಾಕಿಕೊಳ್ಳುತ್ತವೆ, ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಳ್ಳುತ್ತದೆ. ಈ ಬಿಗಿತಕ್ಕೆ ವೈದ್ಯಶಾಸ್ತ್ರ ಕೊಟ್ಟ ಹೆಸರು ಅದು. ಅದರಲ್ಲಿ ಅವಮಾನದ ಒಂದು ಎಳೆಯೂ ಇರಲಿಲ್ಲ.

1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯರು ಒಂದು ಪ್ರಬಂಧ ಓದಿದರು. ಕಷ್ಟದ ಹೆರಿಗೆ, ದಿನ ತುಂಬದ ಹೆರಿಗೆ, ಹುಟ್ಟುವಾಗ ಉಸಿರು ಕಟ್ಟುವುದು — ಇವುಗಳಿಗೂ ಮಕ್ಕಳ ಕೈಕಾಲಿನ ಈ ಬಿಗಿತಕ್ಕೂ ಸಂಬಂಧ ಇದೆ ಎಂದರು. ಇಂದು ಸೆರೆಬ್ರಲ್ ಪಾಲ್ಸಿ ಎನ್ನುವ ಇದಕ್ಕೆ ಬಹಳ ಕಾಲ ‘ಲಿಟ್ಲ್‌ನ ಕಾಯಿಲೆ’ ಎಂದೇ ಹೆಸರು. ಮನೋವಿಜ್ಞಾನದ ಫ್ರಾಯ್ಡ್ ಕೂಡ, ಕನಸುಗಳ ಬೆನ್ನು ಹತ್ತುವ ಮೊದಲು, ಇದರ ಬಗ್ಗೆ ಬರೆದು ಲಿಟ್ಲ್ ಜೊತೆ ತಕರಾರು ತೆಗೆದಿದ್ದರು: ತೊಂದರೆ ಹೆರಿಗೆಯಲ್ಲೇ ಶುರುವಾಗಬೇಕೆಂದಿಲ್ಲ, ಗರ್ಭದಲ್ಲೇ ಆಗಿರಬಹುದು ಎಂದು. ಅಂದಹಾಗೆ, ಲಿಟ್ಲ್ ಅವರ ಎಡಗಾಲಿಗೇ ಚಿಕ್ಕಂದಿನಲ್ಲಿ ಪೋಲಿಯೋ ತಗುಲಿತ್ತು. ಕಾಲಿನ ನೋವು ಗೊತ್ತಿದ್ದವರು ಕಾಲನ್ನು ನೋಡಿದರು. ಬೇರೆಯವರು ನೋಡಿದ್ದು ನಡಿಗೆಯನ್ನು, ನೋಡಿ ನಕ್ಕರು.

ಲಂಡನ್ನಿನ ವೈದ್ಯರು ಪ್ರಬಂಧದಲ್ಲಿ ಹೇಳಿದ್ದನ್ನು ನಮ್ಮ ತಾಯಂದಿರು ಒಂದೇ ಮಾತಿನಲ್ಲಿ ಹೇಳುತ್ತಾರೆ: ‘ಮಗು ಹುಟ್ಟಿದ ಕೂಡಲೇ ಅಳಲಿಲ್ಲ.’ ಯಾವ ತಾಲ್ಲೂಕಿಗೆ ಬೇಕಾದರೂ ಹೋಗಿ, ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಾಯಿಯನ್ನು ಮಾತಾಡಿಸಿ, ಕತೆ ಬಹಳ ಸಲ ಈ ವಾಕ್ಯದಿಂದಲೇ ಶುರುವಾಗುತ್ತದೆ. ಆಮೇಲೆ ‘ಕತ್ತು ನಿಲ್ಲಲಿಲ್ಲ’. ಆಮೇಲೆ ‘ಎಲ್ಲ ದೇವರಿಗೂ ಹರಕೆ ಹೊತ್ತೆ’. ಆಮೇಲೆ ಅತ್ತೆಯ ಮಾತು, ಓರಗಿತ್ತಿಯ ಮಾತು, ಯಾವ ಜನ್ಮದ ಪಾಪವೋ ಎನ್ನುವ ಊರಿನ ಮಾತು. ಪಾಪ ಇದ್ದದ್ದು ಯಾವ ಜನ್ಮದಲ್ಲೂ ಅಲ್ಲ. ಹೆರಿಗೆ ನೋವು ಶುರುವಾದ ರಾತ್ರಿ ವಾಹನ ಸಿಗದ ರಸ್ತೆಯಲ್ಲಿ, ಡಾಕ್ಟರಿಲ್ಲದ ಆಸ್ಪತ್ರೆಯಲ್ಲಿ, ಹಳದಿ ಕಾಮಾಲೆ ತಲೆಗೇರಿದ ಹಸುಗೂಸನ್ನು ಬಿಸಿಲಿಗೆ ಹಿಡಿದರೆ ಸಾಕು ಎಂದು ಮನೆಗೆ ಕಳಿಸಿದ ಅಸಡ್ಡೆಯಲ್ಲಿ ಇದ್ದಿರಬಹುದು. ಬಡವರ ಮನೆಯ ಎಷ್ಟೋ ಮಕ್ಕಳಿಗೆ ಈ ಬಿಗಿತ ವಿಧಿ ಕೊಟ್ಟದ್ದಲ್ಲ, ವ್ಯವಸ್ಥೆ ಕೊಟ್ಟದ್ದು. ಕೊಟ್ಟ ಮೇಲೆ ಹೆಸರಿಟ್ಟು ನಗುವುದು ಬೇರೆ.

ಇಂಗ್ಲೆಂಡಿನ ಕತೆಗೆ ಬರುತ್ತೇನೆ. 1952ರಲ್ಲಿ ಅಲ್ಲಿ ಮೂವರು ತಂದೆತಾಯಂದಿರು ಮತ್ತು ಒಬ್ಬ ಸಮಾಜಸೇವಕಿ ಸೇರಿ ನ್ಯಾಷನಲ್ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. ಈ ಮಕ್ಕಳಿಗೆ ಓದು ಹತ್ತುವುದಿಲ್ಲ ಎಂದು ಶಾಲೆಗಳು ಬಾಗಿಲು ಹಾಕಿದ್ದ ಕಾಲ ಅದು. ಹೆಮ್ಮೆಯಿಂದಲೇ ಆ ಹೆಸರನ್ನು ಬೋರ್ಡಿನ ಮೇಲೆ ಬರೆಸಿದರು. ಶಾಲೆ ತೆರೆದರು, ಹಣ ಕೂಡಿಸಿದರು. ಅಂಗಡಿಗಳ ಮುಂದೆ, ಕಾಲಿಗೆ ಪಟ್ಟಿ ಬಿಗಿದ ಪುಟ್ಟ ಹುಡುಗಿಯ ಗೊಂಬೆ ನಿಲ್ಲಿಸಿ ಚಿಲ್ಲರೆ ಹಾಕಿಸಿಕೊಂಡರು. ಇತ್ತ ಶಾಲೆಯ ಬಯಲಿನಲ್ಲಿ ಅದೇ ಹೆಸರು ತುಂಡಾಗುತ್ತಿತ್ತು: ಸ್ಪಾಸ್, ಸ್ಪಾಜ್, ಸ್ಪಾಜರ್. ಎಡವಿದವನಿಗೆ, ದಡ್ಡನಿಗೆ, ಕುಣಿಯಲು ಬಾರದವನಿಗೆ, ಸುಮ್ಮನೆ ಯಾರಿಗೆ ಬೇಕಾದರೂ. ದಾನದ ಡಬ್ಬಿಯ ಮೇಲೆ ಇದ್ದ ಪದವೇ ಬಾಯಲ್ಲಿ ಉಗುಳಾಯಿತು. ನಾಣ್ಯ ಹಾಕುವ ಕೈ, ಅಣಕಿಸುವ ಬಾಯಿ ಒಂದೇ ಮೈಯಲ್ಲಿದ್ದವು. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕರುಣೆ ಮೇಲಿನಿಂದ ಕೆಳಗೆ ನೋಡುತ್ತದೆ, ಅಪಹಾಸ್ಯವೂ ಮೇಲಿನಿಂದಲೇ ನೋಡುತ್ತದೆ.

1994ರಲ್ಲಿ ಸೊಸೈಟಿಯವರು ಸೋತು ಹೆಸರು ಬದಲಿಸಿದರು. ಹೊಸ ಹೆಸರು ಸ್ಕೋಪ್. ಯಾವ ಅರ್ಥವನ್ನೂ ಹೊತ್ತಿರದ, ಯಾರಿಗೂ ನೋವಾಗದ, ಸೋಪಿನ ಡಬ್ಬಿಯ ಮೇಲೂ ಬರೆಯಬಹುದಾದ ಹೆಸರು. ಮಕ್ಕಳು ಏನು ಮಾಡಿದರು ಗೊತ್ತೇ? ‘ಸ್ಕೋಪರ್’ ಎಂದು ಬೈಯಲು ಶುರುಮಾಡಿದರು. ಬೋರ್ಡು ಬದಲಾಯಿತು, ಬಯಲು ಬದಲಾಗಲಿಲ್ಲ. ನೂರು ಸಲ ಹೆಸರು ಬದಲಿಸಿ, ಆ ಹೆಸರಿನವರನ್ನು ಕೀಳೆಂದು ಬಗೆಯುವವರೆಗೆ ನೂರನೆಯ ಹೆಸರೂ ಬೈಗುಳವೇ.

ಇದಕ್ಕೆ ಬೇರೆ ದಾರಿ ಹಿಡಿದವನೊಬ್ಬ ಇದ್ದ. ಇಯಾನ್ ಡ್ಯೂರಿ, ಹಾಡುಗಾರ. 1949ರಲ್ಲಿ, ಏಳನೆಯ ವಯಸ್ಸಿಗೆ, ಪೋಲಿಯೋ ಬಂದು ಒಂದು ಕೈ, ಒಂದು ಕಾಲು ಸೊರಗಿದವು. ಅಂಗವಿಕಲ ಮಕ್ಕಳ ಶಾಲೆಯಲ್ಲಿ ಕೆಲವು ವರ್ಷ ಓದಿದ. ಅಲ್ಲಿ ಯಾರ ಮೇಲೂ ಯಾರೂ ಕನಿಕರ ತೋರಿಸುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಅವನ ತಂಡ ಬ್ಲಾಕ್‌ಹೆಡ್ಸ್ ಮನೆಮಾತು. ಬಿಬಿಸಿ ಜೋಯಿ ಡೀಕನ್ನರನ್ನು ತೋರಿಸಿದ ಅದೇ 1981ರಲ್ಲಿ, ಅಂಗವಿಕಲರ ವರ್ಷ ಎಂಬ ಕನಿಕರದ ಹಬ್ಬ ಕಂಡು ಡ್ಯೂರಿಗೆ ಮೈ ಉರಿಯಿತು. ‘ಸ್ಪಾಸ್ಟಿಕಸ್ ಆಟಿಸ್ಟಿಕಸ್’ ಎಂದು ಒಂದು ಹಾಡು ಬರೆದ. ರೋಮಿನ ಗುಲಾಮ ಸ್ಪಾರ್ಟಕಸ್ ದಂಗೆ ಎದ್ದ ಕತೆ ನಿಮಗೆ ಗೊತ್ತಿದೆ. 1960ರ ಸಿನಿಮಾದಲ್ಲಿ, ಸ್ಪಾರ್ಟಕಸ್ ಯಾರು ತೋರಿಸಿ ಎಂದು ಸೈನಿಕರು ಕೇಳಿದಾಗ ಗುಲಾಮರೆಲ್ಲ ಒಬ್ಬೊಬ್ಬರಾಗಿ ಎದ್ದು ನಾನೇ ನಾನೇ ಎನ್ನುತ್ತಾರೆ. ಡ್ಯೂರಿ ಬೈಗುಳವನ್ನು ಆ ಗುಲಾಮನ ಹೆಸರಿಗೆ ಹೊಲಿದ. ನೀವು ಉಗುಳುವ ಆ ಪದ ನನ್ನದು, ಎದ್ದು ನಿಂತಿದ್ದೇನೆ, ಈಗೇನು ಮಾಡುತ್ತೀರಿ ಎಂದ.

ಬಿಬಿಸಿ ಏನು ಮಾಡಿತು? ಹಾಡಿನ ಮಾತುಗಳು ನೋಯಿಸುವಂತಿವೆ ಎಂದು ಸಂಜೆ ಆರರ ಮೊದಲು ಹಾಕುವುದಿಲ್ಲ ಎಂದಿತು. ಯಾರಿಗೆ ನೋವು ಸ್ವಾಮಿ? ಡೀಕನ್ನರನ್ನು ಗೊಂಬೆ ಮಾಡಿ ಮಕ್ಕಳ ಮುಂದೆ ಕೂರಿಸಿದಾಗ ನೋವು ಕಾಣಲಿಲ್ಲ. ಅಂಗವಿಕಲನೊಬ್ಬ ತನ್ನ ಬಾಯಲ್ಲಿ ತನ್ನ ಹೆಸರು ಹೇಳಿಕೊಂಡು ಕೂಗಿದಾಗ ನೋವು ಕಂಡಿತು. ಕನಿಕರಕ್ಕೆ ಒಪ್ಪುವ ಮೈ ಟಿವಿಗೆ ಬೇಕು; ಸಿಟ್ಟು ಬರುವ ಮೈ ಬೇಡ. ಡ್ಯೂರಿ 2000ದಲ್ಲಿ ತೀರಿಕೊಂಡ. 2012ರ ಆಗಸ್ಟ್ 29ರಂದು ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಗ್ರೇಯೈ ಎಂಬ ಅಂಗವಿಕಲ ಕಲಾವಿದರ ರಂಗತಂಡ ಅದೇ ಹಾಡನ್ನು ತುಂಬಿದ ಕ್ರೀಡಾಂಗಣದಲ್ಲಿ ಹಾಡಿತು. ಅಂದು ಯಾವ ದೊರೆಯ ಕಿವಿಯೂ ಸುಡಲಿಲ್ಲ.

ನಾವು ಕನ್ನಡದ ಬಂಡಾಯ ಸಾಹಿತ್ಯದವರು ಇದನ್ನು ಅರ್ಥಮಾಡಿಕೊಳ್ಳಲು ಲಂಡನ್ನಿಗೆ ಹೋಗಬೇಕಾಗಿಲ್ಲ. 1975ರಲ್ಲಿ ಕವಿ ಸಿದ್ದಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ಊರು ಬೈಯಲು ಬಳಸುತ್ತಿದ್ದ ಮಾತನ್ನು ಪುಸ್ತಕದ ಹಣೆಯ ಮೇಲೆ ಬರೆದುಕೊಂಡರು. ಹರಿಜನ ಎಂದು ಮುದ್ದಾಗಿ ಕರೆದರೆ ಸಾಕೆಂದುಕೊಂಡಿದ್ದವರಿಗೆ ಅದು ಕಪಾಳಮೋಕ್ಷ. ದೇವರ ಮಕ್ಕಳು ಎನ್ನಿಸಿಕೊಂಡು ಬಾವಿಗೆ ಇಳಿಯಲಾಗದವರ ಸಿಟ್ಟು ಎಂಥದ್ದು ಎಂದು ಆಗ ನಾಡಿಗೆ ತಿಳಿಯಿತು.

ಅದೇ ತಿಳಿವಳಿಕೆ ದೇಹದ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ? 2015ರ ಡಿಸೆಂಬರಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ವಿಕಲಾಂಗ ಬೇಡ, ದಿವ್ಯಾಂಗ ಎನ್ನಿ ಎಂದರು. ದೇಶದ ಅಂಗವಿಕಲರ ಹಕ್ಕಿನ ಸಂಘಟನೆಗಳು ಬೇಡವೆಂದು ಪತ್ರ ಬರೆದವು, ನಮ್ಮ ಅಂಗದಲ್ಲಿ ದೈವತ್ವವೇನೂ ಇಲ್ಲ, ಅದಕ್ಕೆ ಹಕ್ಕು ಬೇಕು ಎಂದವು. ಕೇಳಿದವರಿಲ್ಲ. ಕೇಂದ್ರದ ಇಲಾಖೆಯ ಹೆಸರಿಗೇ ಆ ಪದ ಅಂಟಿತು. 2019ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ಭಾರತದ ಬಗ್ಗೆ ಬರೆದ ವರದಿಯಲ್ಲಿ ಈ ಪದದ ಬಗ್ಗೆಯೂ ತಕರಾರು ದಾಖಲಿಸಿತು. ಇತ್ತ ಕಡುಬಡವ ಅಂಗವಿಕಲರ ಪಿಂಚಣಿಯಲ್ಲಿ ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ. ದಿವ್ಯತ್ವಕ್ಕೆ ದಿನಕ್ಕೆ ಹತ್ತು ರೂಪಾಯಿ, ಒಂದು ಟೀಗೆ ಸಾಲದು. ನಮ್ಮ ರಾಜ್ಯದ ಕತೆಯೇನು ಬೇರೆಯಲ್ಲ: ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದರ ಬೆನ್ನಿಗೆ ವಿಶೇಷಚೇತನ ಬಂತು. ಚೇತನಕ್ಕೆ ಏನಾಗಿದೆ ಸ್ವಾಮಿ? ಆಗಿರುವುದು ಕಾಲಿಗೆ. ಕಾಲಿಗೆ ಆದದ್ದನ್ನು ಚೇತನಕ್ಕೆ ಅಂಟಿಸಿ ಅದನ್ನೇ ಗೌರವ ಎಂದು ಸುತ್ತೋಲೆ ಹೊರಡಿಸುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಇಂಥವರು 13 ಲಕ್ಷಕ್ಕೂ ಹೆಚ್ಚು. ಅವರನ್ನು ಸಾಲಾಗಿ ನಿಲ್ಲಿಸಿ, ನಿಮಗೆ ಯಾವ ಹೆಸರು ಬೇಕು ಎಂದು ಯಾರಾದರೂ ಕೇಳಿದ್ದಾರೆಯೇ?

ಒಂದು ಪ್ರಮಾಣಪತ್ರದ ಶಿಬಿರದಲ್ಲಿ ಕಂಡದ್ದನ್ನು ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆ. ಹಳೇ ಕಟ್ಟಡ, ಮುಂದೆ ಎತ್ತರದ ಮೆಟ್ಟಿಲು. ಮೆಟ್ಟಿಲ ಪಕ್ಕ ರ‍್ಯಾಂಪ್ ಇದೆ; ಅದರ ತುದಿಗೆ ಬೈಕುಗಳು ನಿಂತಿವೆ. ಒಬ್ಬ ಹೆಂಗಸು ಮೀಸೆ ಚಿಗುರುತ್ತಿರುವ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹತ್ತುತ್ತಿದ್ದಾಳೆ. ಅವನ ಕಾಲುಗಳು ಬಿಗಿದು ಕತ್ತರಿ ಹಾಕಿಕೊಂಡಿರುವುದರಿಂದ ಸೊಂಟದ ಮೇಲೆ ಸರಿಯಾಗಿ ಕೂರುವುದಿಲ್ಲ, ಜಾರುತ್ತಾನೆ. ಪ್ರತಿ ಮೆಟ್ಟಿಲಿಗೂ ಅವಳು ಒಮ್ಮೆ ಎಗರಿಸಿ ಮೇಲಕ್ಕೆ ಎತ್ತಿಕೊಳ್ಳುತ್ತಾಳೆ. ಒಳಗೆ ಡಾಕ್ಟರು ಹುಡುಗನನ್ನು ಮಾತಾಡಿಸಲಿಲ್ಲ, ಮಂಡಿ ಮಡಚಿ ನೋಡಿದರು, ಗುಮಾಸ್ತನ ಕಡೆ ತಿರುಗಿ ‘ಎಂಬತ್ತು ಪರ್ಸೆಂಟ್’ ಎಂದರು. ಗುಮಾಸ್ತ ಬಾಗಿಲಿಗೆ ಬಂದು ‘ಎಂಬತ್ತು ಪರ್ಸೆಂಟ್ ಹುಡುಗನ ತಾಯಿ ಯಾರಮ್ಮ, ಸಹಿ ಹಾಕ್ಬೇಕು’ ಎಂದು ಕೂಗಿದ. ಹುಡುಗ ಏನೋ ಹೇಳಿದ. ಯಾರಿಗೂ ತಿಳಿಯಲಿಲ್ಲ. ತಾಯಿ ತಿಳಿಸಿದಳು: ‘ಅವನ ಹೆಸರು ಹೇಳ್ತಾ ಅವ್ನೆ ಸಾರ್.’ ಗೋಡೆಯ ಮೇಲಿನ ಬ್ಯಾನರಿನಲ್ಲಿ ಅವನನ್ನು ದಿವ್ಯಾಂಗ ಎಂದು ಕರೆದಿದ್ದರು, ಹಾಳೆಯಲ್ಲಿ ವಿಕಲಚೇತನ ಎಂದು ಬರೆದಿದ್ದರು.

ಜೀಜಾ ಘೋಷ್ ಎಂಬವರ ವಿಷಯ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಿ. ಕೋಲ್ಕತ್ತದವರು, ಸೆರೆಬ್ರಲ್ ಪಾಲ್ಸಿ ಇರುವವರು, ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು. 2012ರ ಫೆಬ್ರವರಿ 19ರಂದು ಗೋವಾದಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೊರಟು ಸ್ಪೈಸ್‌ಜೆಟ್ ವಿಮಾನದಲ್ಲಿ ಕುಳಿತಿದ್ದರು. ಸಿಬ್ಬಂದಿ ಬಂದು ಬೋರ್ಡಿಂಗ್ ಪಾಸ್ ಕೇಳಿದರು, ಇಳಿಯಿರಿ ಎಂದರು. ಇಳಿಸಿಯೇ ಬಿಟ್ಟರು. ಆ ಸಮ್ಮೇಳನ ಏರ್ಪಡಿಸಿದ್ದು ಮುಂಬೈನ ಅಡಾಪ್ಟ್ ಸಂಸ್ಥೆ. ಅದರ ಹಳೆಯ ಹೆಸರು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ; 1972ರಲ್ಲಿ ಮಿಥು ಅಲೂರ್ ಕಟ್ಟಿದ್ದು. ಸಂಸ್ಥೆಯ ಹೆಸರಿನಿಂದ ಆ ಪದ ಇಳಿದುಹೋಗಿತ್ತು. ವಿಮಾನದಿಂದ ಮನುಷ್ಯರನ್ನು ಇಳಿಸುವ ಮನಸ್ಸು ಎಲ್ಲಿಗೂ ಇಳಿದಿರಲಿಲ್ಲ. 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ವಿಮಾನ ಕಂಪನಿಗೆ ಆದೇಶಿಸಿತು. ನಾಲ್ಕು ವರ್ಷ ಹಿಡಿಯಿತು, ಒಂದು ಸೀಟಿನಲ್ಲಿ ಕೂರುವ ಹಕ್ಕು ತನಗಿತ್ತು ಎಂದು ಹೇಳಿಸಿಕೊಳ್ಳಲು.

ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. 1980ರ ಸುಮಾರಿಗೆ ಶುರುವಾದದ್ದು. ಇಂಗ್ಲೆಂಡ್ ಕಿತ್ತುಹಾಕಿದ ಹೆಸರನ್ನು ಅದು ಹೊತ್ತುಕೊಂಡೇ ನಡೆದಿದೆ. ನಮ್ಮ ಆಟೋದವರಿಗೆ, ಹೂ ಮಾರುವವರಿಗೆ, ದೂರದ ಊರಿಂದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಅದು ಒಂದು ಶಾಲೆಯ, ಒಂದು ಆಸರೆಯ ಹೆಸರು, ಬೈಗುಳವಲ್ಲ. ಆದರೆ ಅದೇ ಊರಿನ ಕಾನ್ವೆಂಟುಗಳಲ್ಲಿ ಓದಿದವರನ್ನು ಕೇಳಿ ನೋಡಿ, ಆ ಪದವನ್ನು ಅವರು ಮೊದಲು ಎಲ್ಲಿ ಕೇಳಿದರು ಎಂದು. ಬೋರ್ಡಿನ ಮೇಲೆ ಅಲ್ಲ. ಇಂಗ್ಲಿಷ್ ಕಲಿತವರು ಅದರ ಬೈಗುಳವನ್ನೂ ಅಚ್ಚುಕಟ್ಟಾಗಿ ಕಲಿತರು. ಅಮೆರಿಕದಲ್ಲಿ ಇದರ ತುಂಡು ‘ಸ್ಪಾಜ್’ ಬಹಳ ಹಗುರದ ಮಾತು, ತಡಬಡಿಸುವವನು ಎಂದಷ್ಟೇ. 2006ರಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ತನ್ನ ಆಟದ ಬಗ್ಗೆ ತಾನೇ ಹಾಗೆ ಹೇಳಿಕೊಂಡಾಗ ಅಮೆರಿಕ ಗಮನಿಸಲಿಲ್ಲ, ಇಂಗ್ಲೆಂಡ್ ಕೆರಳಿತು, ಅವರು ಕ್ಷಮೆ ಕೇಳಿದರು. 2022ರ ಜೂನ್‌ನಲ್ಲಿ ಗಾಯಕಿ ಲಿಜ್ಜೋ ಹಾಡಿನಲ್ಲಿ ಅದೇ ಪದ ಬಂದಾಗ ಆಸ್ಟ್ರೇಲಿಯಾದ ಹ್ಯಾನಾ ಡಿವೈನಿ, ಆ ಬಿಗಿತವನ್ನು ಸ್ವತಃ ಮೈಯಲ್ಲಿ ಹೊತ್ತವರು, ಬಹಿರಂಗವಾಗಿ ಪ್ರತಿಭಟಿಸಿದರು. ಲಿಜ್ಜೋ ಪದ ತೆಗೆದು ಹಾಡನ್ನು ಮತ್ತೆ ಬಿಡುಗಡೆ ಮಾಡಿದರು. ಎರಡು ತಿಂಗಳೊಳಗೆ ಬಿಯಾನ್ಸೆ ಹಾಡಿನಲ್ಲಿ ಅದೇ ಪದ, ಅದೇ ಪ್ರತಿಭಟನೆ, ಅದೇ ತಿದ್ದುಪಡಿ. ಕಪ್ಪು ಜನರನ್ನು ಬೈಯುವ ಪದದ ಭಾರ ಎಷ್ಟೆಂದು ಈ ಇಬ್ಬರೂ ಕಪ್ಪು ಗಾಯಕಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪಕ್ಕದ ಮನೆಯವರ ಗಾಯ ಕಾಣಲಿಲ್ಲ.

ಅವರಿಗೇಕೆ, ನಮಗೆ ಕಾಣುತ್ತದೆಯೇ? ‘ಕುಂಟನಿಗೆ ಎಂಟು ಚೇಷ್ಟೆ’ ಎಂದು ಗಾದೆ ಕಟ್ಟಿದವರು ನಾವು. ‘ನಿನ್ನ ಕೈ ಸೇದ್ಹೋಗ’ ಎಂದು ಶಾಪ ಹಾಕುವವರು ನಾವು. ವಿಧಾನಸಭೆಯ ಒಳಗೂ ಹೊರಗೂ ವಿರೋಧ ಪಕ್ಷ ಯಾವುದೇ ಇರಲಿ, ಆಡಳಿತಕ್ಕೆ ಲಕ್ವ ಹೊಡೆದಿದೆ ಎನ್ನುತ್ತದೆ; ಪತ್ರಿಕೆಗಳು ಅದನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ಲಕ್ವ ಹೊಡೆದವರು ಕೆಲಸ ಮಾಡಲು ಒದ್ದಾಡುತ್ತಾರೆ, ಫಿಸಿಯೋಥೆರಪಿ ಕೋಣೆಯಲ್ಲಿ ಒಂದು ಲೋಟ ಎತ್ತಲು ಬೆವರು ಸುರಿಸುತ್ತಾರೆ. ಕಡತದ ಮೇಲೆ ಕೂತು ಕಮಿಷನ್ ಎಣಿಸುವವನನ್ನು ಅವರಿಗೆ ಹೋಲಿಸುವುದು ಯಾವ ನ್ಯಾಯ? ಟಿವಿ ಕಾಮಿಡಿಯಲ್ಲಿ ಬಾಯಿ ಸೊಟ್ಟ ಮಾಡಿದರೆ ಜಡ್ಜುಗಳು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟುತ್ತಾರೆ.

ಇನ್ನು ನಮ್ಮ ಬಂಡಾಯದ ಬಳಗ. 1979ರಿಂದ ನಾವು ಜಾತಿ ಹೇಳಿದೆವು, ವರ್ಗ ಹೇಳಿದೆವು, ಹೆಣ್ಣು ಹೇಳಿದಳು, ನಾವು ತಡವಾಗಿಯಾದರೂ ಕೇಳಿಸಿಕೊಂಡೆವು. ಮುರಿದ ಮೈ ಎಲ್ಲಿ? ನಮ್ಮ ಕವಿತೆಗಳನ್ನು ತೆರೆದು ನೋಡಿ: ಕುರುಡು ಕಾನೂನು, ಕಿವುಡು ಸರ್ಕಾರ, ಹೆಳವ ಪ್ರಜಾಪ್ರಭುತ್ವ, ಮೂಗ ಜನ. ವ್ಯವಸ್ಥೆಯನ್ನು ಬೈಯಲು ನಮಗೆ ಸಿಕ್ಕಿದ್ದು ಅದೇ ವ್ಯವಸ್ಥೆ ತುಳಿದವರ ದೇಹ. ಹೊಲೆಯ ಎಂಬ ಮಾತನ್ನು ಕೀಳೆಂಬ ಅರ್ಥದಲ್ಲಿ ಬರೆದವನ ಕೈ ಹಿಡಿದು ಕೇಳುವ ನಾವು, ಹೆಳವ ಎಂಬುದನ್ನು ಕೀಳೆಂಬ ಅರ್ಥದಲ್ಲಿ ಬರೆದು ಪ್ರಶಸ್ತಿ ತಗೊಂಡೆವು. ಉತ್ತರ ಕರ್ನಾಟಕದಲ್ಲಿ ಹೆಳವರೆಂಬ ಸಮುದಾಯವೇ ಇದೆ; ಎತ್ತು ಏರಿ ಬಂದು ಮನೆಮನೆಯ ವಂಶಾವಳಿಯನ್ನು ತಲೆಮಾರುಗಟ್ಟಲೆ ಬಾಯಲ್ಲಿ ಹೇಳುವವರು. ನಮ್ಮ ಅಜ್ಜನ ಅಪ್ಪನ ಹೆಸರು ಬೇಕಾದರೆ ಅವರನ್ನೇ ಕೇಳಬೇಕು. ಆ ನೆನಪಿನ ಮುಂದೆ ನಮ್ಮ ರೂಪಕ ಎಷ್ಟು ಬಡವ ನೋಡಿ.

ಕಾನೂನು ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 92ನೇ ಸೆಕ್ಷನ್ ಪ್ರಕಾರ, ಅಂಗವಿಕಲರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ. ಓದಿದರೆ ಕೇಳಿದ ಹಾಗಿದೆ ಅಲ್ಲವೇ? 1989ರ ದೌರ್ಜನ್ಯ ತಡೆ ಕಾಯ್ದೆಯ ಭಾಷೆಯೇ ಅದು. ಎರಡೂ ಅವಮಾನಗಳು ಅಣ್ಣತಮ್ಮಂದಿರು ಎಂದು ಸಾಹಿತಿಗಳಿಗೆ ಹೊಳೆಯದಿದ್ದರೂ ಕಾನೂನು ಬರೆದವರಿಗೆ ಹೊಳೆದಿದೆ. 2023ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ಸೂಚನೆ ಕೊಟ್ಟಿತು: ಭಾಷಣದಲ್ಲಿ ಕುರುಡ, ಕಿವುಡ, ಕುಂಟ ಎಂಬಂಥ ಮಾತುಗಳನ್ನು ಬೈಗುಳವಾಗಿ ಬಳಸಬೇಡಿ. 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸುವ ಬಗೆಗೆ ಮಾರ್ಗಸೂಚಿ ಬರೆಯುತ್ತ, ಕ್ರಿಪಲ್, ಸ್ಪಾಸ್ಟಿಕ್ ಎಂಬ ಪದಗಳನ್ನು ಹೆಸರಿಟ್ಟು ಹೇಳಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಗುರುತಿಸಿತು: ಅಂಗವೈಕಲ್ಯವನ್ನು ನೋಡಿ ನಗುವ ಹಾಸ್ಯ ಬೇರೆ, ಅದನ್ನು ಅರ್ಥಮಾಡಿಸುವ ಹಾಸ್ಯ ಬೇರೆ. ಡ್ಯೂರಿಗೆ ನಲವತ್ತು ವರ್ಷಕ್ಕೂ ಮೊದಲೇ ಇದು ಗೊತ್ತಿತ್ತು.

ಪದ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹೊಸ ಪದ ಕೊಡಿ ಎಂದಂತೂ ಕೇಳುತ್ತಲೇ ಇಲ್ಲ. ದಯವಿಟ್ಟು ಇನ್ನೊಂದು ‘ಚೇತನ’ ತರಬೇಡಿ. ಯಾರ ಮೈಯೋ ಅವರದ್ದೇ ಹೆಸರು. ಅವರು ಅಂಗವಿಕಲ ಎಂದರೆ ಅಂಗವಿಕಲ, ಕುಂಟ ಎಂದು ತಾವೇ ಹೇಳಿಕೊಂಡು ನಕ್ಕರೆ ಅದು ಅವರ ನಗು, ನಿಮ್ಮದಲ್ಲ. ಆ ಶಿಬಿರದ ಹುಡುಗ ತನ್ನ ಹೆಸರು ತಾನೇ ಹೇಳಿದ್ದ. ಕೇಳಿಸಿಕೊಳ್ಳಲು ಎರ್ನಿಯಂಥ ಒಂದು ಕಿವಿ, ಬರೆದುಕೊಳ್ಳಲು ಮೈಕೆಲ್‌ನಂಥ ಒಂದು ಕೈ ಇರಲಿಲ್ಲ, ಅಷ್ಟೆ.

ಬರೆಯುವ ಗೆಳೆಯರಿಗೆ ಒಂದು ಮಾತು. ನಮ್ಮ ಸಾಹಿತ್ಯ ಸಮ್ಮೇಳನಗಳ, ಬಂಡಾಯದ ಸಭೆಗಳ ವೇದಿಕೆಗಳಿಗೆ ಮೆಟ್ಟಿಲಿರುತ್ತದೆ, ರ‍್ಯಾಂಪ್ ಇರುವುದಿಲ್ಲ. ಗಾಲಿಕುರ್ಚಿಯ ಕವಿಗೆ ಸನ್ಮಾನ ಮಾಡುವಾಗ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಫೋಟೋಗೆ ನಿಲ್ಲುತ್ತಾರೆ. ಮುಂದಿನ ಆಮಂತ್ರಣ ಬಂದಾಗ ಸಂಘಟಕರಿಗೆ ಬರೆಯಿರಿ: ವೇದಿಕೆಗೆ ರ‍್ಯಾಂಪ್ ಇಲ್ಲದಿದ್ದರೆ ಹತ್ತುವುದಿಲ್ಲ, ಕೆಳಗೆ ನಿಂತೇ ಮಾತಾಡುತ್ತೇನೆ. ಬರೆದು, ಹಾಗೇ ಮಾಡಿ.